ಬೆರಕೆ ಮಾಡೆಲ್‌ನ ವಂಶಾವಳಿ

ಇಬ್ಬರು ಕಲಾವಿದರು ಬರೆದ ಎರಡು ಮುಖಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದಿಟ್ಟು, ಚುಕ್ಕೆ ಚುಕ್ಕೆಗೂ ಸರಾಸರಿ ತೆಗೆದರೆ ಸಿಗುವುದು ಬರೀ ಮಸುಕು. ನಾಲ್ಕು ಕಣ್ಣು, ಎರಡು ಮೂಗು, ಯಾವ ಗೆರೆಯೂ ನೆಟ್ಟಗಿಲ್ಲದ ಗೋಜಲು. ಈಗ ಚಿತ್ರ ಬರೆಯಲು ಕಲಿತ ಎರಡು ಎಐ ಮಾಡೆಲ್‌ಗಳನ್ನು ತೆಗೆದುಕೊಂಡು, ಅವುಗಳೊಳಗಿನ ಕೋಟ್ಯಂತರ ಸಂಖ್ಯೆಗಳಿಗೆ ಇದೇ ಸರಾಸರಿಯ ಲೆಕ್ಕ ಹಾಕಿ ನೋಡಿ. ಹೊರಬರುವ ಮೂರನೆಯ ಮಾಡೆಲ್ ಚೂಪಾದ ಗೆರೆಯಲ್ಲಿ, ತಿಳಿಯಾದ ಬಣ್ಣದಲ್ಲಿ ಹೊಸ ಮುಖಗಳನ್ನು ಬರೆಯುತ್ತದೆ. ಗೆರೆಯ ಗುಣ ಒಂದು ಮಾಡೆಲ್‌ನಿಂದ ಬಂದಂತಿರುತ್ತದೆ, ಬೆಳಕಿನ ಗುಣ ಇನ್ನೊಂದರಿಂದ. ಹೊಸದಾಗಿ ತರಬೇತಿ ಕೊಟ್ಟಿಲ್ಲ, ಒಂದೇ ಒಂದು ಹೊಸ ಚಿತ್ರವನ್ನೂ ತೋರಿಸಿಲ್ಲ. ನಡೆದದ್ದು ಗುಣಾಕಾರ ಮತ್ತು ಸಂಕಲನ ಮಾತ್ರ.

ಜಪಾನಿನ ಅನಿಮೆ ಶೈಲಿಯ ಚಿತ್ರಗಳನ್ನು ಎಐನಿಂದ ಬರೆಸುವವರು 2022ರ ಕೊನೆಯಿಂದ ಈ ಕೆಲಸವನ್ನು ದಿನನಿತ್ಯ ಮಾಡುತ್ತಿದ್ದಾರೆ. ಅವರ ಮಾತಿನಲ್ಲಿ ಇದು ಮರ್ಜ್. ಹೀಗೆ ಹುಟ್ಟಿದ ಮಾಡೆಲ್‌ನ ಹೆಸರಿನ ಕೊನೆಗೆ ‘ಮಿಕ್ಸ್’ ಎಂದು ಸೇರಿಸುವುದು ರೂಢಿ. ಮಸುಕೇ ಸಿಗಬೇಕಿದ್ದ ಲೆಕ್ಕದಲ್ಲಿ ಚಿತ್ರ ಹೇಗೆ ಸಿಕ್ಕಿತು? ಉತ್ತರ ಇರುವುದು ಆ ಮಾಡೆಲ್‌ಗಳ ರಕ್ತಸಂಬಂಧದಲ್ಲಿ. ಆ ಸಂಬಂಧವನ್ನು ಮರೆಯದೆ ಬರೆದಿಡಬೇಕು ಎಂಬ ನನ್ನ ಹಟಕ್ಕೆ ಕಾರಣವೂ ಅಲ್ಲಿಯೇ ಇದೆ.

ಮೊದಲು ತಾಯಿಬೇರಿನ ವಿಷಯ. 2022ರ ಆಗಸ್ಟ್ 22ರಂದು ಸ್ಟೇಬಲ್ ಡಿಫ್ಯೂಷನ್ ಎಂಬ ಮಾಡೆಲ್ ಸಾರ್ವಜನಿಕರ ಕೈಗೆ ಬಂತು. ಅದರ ಹಿಂದಿನ ಸಂಶೋಧನೆ ಜರ್ಮನಿಯ ಮ್ಯೂನಿಕ್‌ನ ಬ್ಯೋರ್ನ್ ಓಮರ್ ಅವರ ತಂಡದ್ದು. ಮೂಲ ಪ್ರಬಂಧದ ಮೊದಲ ಲೇಖಕ ರಾಬಿನ್ ರೊಂಬಾಖ್. ಯಂತ್ರಬಲ ಒದಗಿಸಿದ್ದು ಸ್ಟೆಬಿಲಿಟಿ ಎಐ ಕಂಪನಿ. ಅದಕ್ಕೆ ಮುಂಚೆ ಹೆಸರು ಮಾಡಿದ್ದ ಡಾಲ್-ಇ 2, ಮಿಡ್‌ಜರ್ನಿ ಎರಡೂ ತಮ್ಮ ಕಂಪನಿಗಳ ಸರ್ವರುಗಳಲ್ಲೇ ಇದ್ದವು. ಬಳಸುವವರಿಗೆ ಚಿತ್ರ ಸಿಗುತ್ತಿತ್ತು, ಮಾಡೆಲ್ ಸಿಗುತ್ತಿರಲಿಲ್ಲ. ಸ್ಟೇಬಲ್ ಡಿಫ್ಯೂಷನ್ ಬಂದದ್ದು ಫೈಲ್ ರೂಪದಲ್ಲಿ. ಸುಮಾರು 4 ಜಿಬಿ ತೂಗುವ ಆ ಫೈಲನ್ನು ಮನೆಯ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದಿತ್ತು, ಒಳಗಿನ ಸಂಖ್ಯೆಗಳನ್ನು ತೆರೆದು ನೋಡಬಹುದಿತ್ತು, ತಿದ್ದಬಹುದಿತ್ತು. ಆ ಸಂಖ್ಯೆಗಳನ್ನು ಕಂಡುಕೊಳ್ಳಲು ನಡೆದ ತರಬೇತಿಗೆ ಹಿಡಿದದ್ದು ಎ100 ಎಂಬ ದುಬಾರಿ ಗ್ರಾಫಿಕ್ಸ್ ಕಾರ್ಡಿನ 1,50,000 ಗಂಟೆಗಳು. ಒಂದೇ ಕಾರ್ಡಿನಲ್ಲಿ ಮಾಡಿಸಿದ್ದರೆ 17 ವರ್ಷ ಬೇಕಾಗುತ್ತಿತ್ತು. ಎರಡು ಮಾಡೆಲ್‌ಗಳನ್ನು ಬೆರೆಸಲು ಮಾತ್ರ ಅಂಥ ಕಾರ್ಡೇ ಬೇಕಿಲ್ಲ. ಸಾಕಷ್ಟು ಮೆಮೊರಿ ಇರುವ ಸಾಧಾರಣ ಕಂಪ್ಯೂಟರಿನಲ್ಲಿ ಅದು ಕೆಲವು ನಿಮಿಷಗಳ ಕೆಲಸ. ಈ ಅಂತರವನ್ನು ನೆನಪಿಟ್ಟುಕೊಂಡರೆ ಮರ್ಜ್ ಮಾಡುವ ಹುರುಪು ಅಷ್ಟು ಬೇಗ ಹಬ್ಬಿದ್ದೇಕೆ ಎಂದು ತಿಳಿಯುತ್ತದೆ.

ಫೈಲಿನೊಳಗೆ ಮೂರು ಅಂಗಗಳಿವೆ. ನಾವು ಬರೆದ ಮಾತನ್ನು ಓದಿ ಸಂಖ್ಯೆಗಳಾಗಿ ಮಾರ್ಪಡಿಸುವುದು ಕ್ಲಿಪ್, ಅದರಲ್ಲಿ 12.3 ಕೋಟಿ ಸಂಖ್ಯೆಗಳು. ಚಿತ್ರವನ್ನು ಕುಗ್ಗಿಸಿ ಹಿಗ್ಗಿಸುವುದು ವಿಎಇ. 512ಕ್ಕೆ 512 ಚುಕ್ಕೆಗಳ ಬಣ್ಣದ ಚಿತ್ರವೆಂದರೆ 7,86,432 ಸಂಖ್ಯೆಗಳು; ವಿಎಇ ಅದನ್ನು 16,384 ಸಂಖ್ಯೆಗಳ ಸಾರವಾಗಿ, ಅಂದರೆ 48ರಲ್ಲಿ ಒಂದು ಪಾಲಾಗಿ ಇಳಿಸುತ್ತದೆ. ಮೂರನೆಯದು ಯು-ನೆಟ್. 86 ಕೋಟಿ ಸಂಖ್ಯೆಗಳ ಈ ಅಂಗವೇ ನಿಜವಾದ ಚಿತ್ರಗಾರ.

ಯು-ನೆಟ್ ಕಲಿತಿರುವ ವಿದ್ಯೆ ಒಂದೇ: ಗದ್ದಲ ತುಂಬಿದ ಚಿತ್ರವನ್ನು ಕೊಟ್ಟರೆ, ಅದರಲ್ಲಿ ಗದ್ದಲ ಎಷ್ಟು ಎಂದು ಅಂದಾಜು ಮಾಡುವುದು. ತರಬೇತಿಯಲ್ಲಿ ಚಿತ್ರಕ್ಕೆ 1000 ಹಂತಗಳಲ್ಲಿ ಯಾವುದೋ ಒಂದು ಹಂತದಷ್ಟು ಗದ್ದಲ ಬೆರೆಸಿ ಅದರ ಮುಂದಿಡುತ್ತಾರೆ. ಊಹೆ ತಪ್ಪಿದಷ್ಟೂ ಸಂಖ್ಯೆಗಳನ್ನು ಕೊಂಚ ಕೊಂಚ ತಿದ್ದುತ್ತಾರೆ. ಕಲಿತ ಮೇಲೆ ಬರೀ ಗದ್ದಲವನ್ನೇ ಕೊಟ್ಟು, ಜೊತೆಗೆ ‘ಕೊಡೆ ಹಿಡಿದ ಹುಡುಗಿ’ ಎಂಬ ಸೂಚನೆಯನ್ನೂ ಕೊಟ್ಟರೆ, ಇಪ್ಪತ್ತು ಮೂವತ್ತು ಸಲ ಗದ್ದಲ ಕಳೆದು ಕಳೆದು ಚಿತ್ರವೊಂದನ್ನು ಬಿಡಿಸಿಕೊಡುತ್ತದೆ. ಈ ವಿಚಾರದ ಮೊದಲ ರೂಪ 2015ರಲ್ಲಿ ಯಾಶ ಸೋಲ್-ಡಿಕ್‌ಸ್ಟೀನ್ ಮತ್ತು ಸಂಗಡಿಗರು ಉಷ್ಣಚಲನಶಾಸ್ತ್ರದಿಂದ ಎರವಲು ಪಡೆದು ಬರೆದದ್ದು. 2020ರಲ್ಲಿ ಜೊನಾಥನ್ ಹೋ, ಅಜಯ್ ಜೈನ್, ಪೀಟರ್ ಅಬೀಲ್ ಅದನ್ನು ಒಳ್ಳೆಯ ಚಿತ್ರ ಬರುವ ಮಟ್ಟಕ್ಕೆ ತಂದರು.

ಸ್ಟೇಬಲ್ ಡಿಫ್ಯೂಷನ್‌ಗೆ ಎಲ್ಲವೂ ಸ್ವಲ್ಪ ಸ್ವಲ್ಪ ಗೊತ್ತಿತ್ತು. ಅನಿಮೆ ಬರೆಯಿರಿ ಎಂದರೆ ಅದು ಬರೆದದ್ದು ಅರೆಬೆಂದ ಮುಖಗಳನ್ನು. ಅದು ನೋಡಿ ಕಲಿತ ಚಿತ್ರಗಳ ಪಕ್ಕದ ವಿವರಣೆಗಳು ಇಂಟರ್‌ನೆಟ್‌ನಿಂದ ಹಾಗೆಯೇ ಗೋರಿಕೊಂಡು ತಂದವು. ಚಿತ್ರದಲ್ಲಿ ಏನಿದೆ ಎಂದು ಅವು ಸರಿಯಾಗಿ ಹೇಳುತ್ತಿರಲಿಲ್ಲ. ಅನಿಮೆ ಅಭಿಮಾನಿಗಳ ಬಳಿ ಇದಕ್ಕಿಂತ ಎಷ್ಟೋ ಮೇಲಾದ ಸಂಗ್ರಹವಿತ್ತು. 2005ರಿಂದ ನಡೆಯುತ್ತಿರುವ ಡ್ಯಾನ್‌ಬೂರು ತಾಣದಲ್ಲಿ ಸ್ವಯಂಸೇವಕರು ಪ್ರತಿ ಚಿತ್ರವನ್ನೂ ಕೂತು ನೋಡಿ ಟ್ಯಾಗ್ ಹಚ್ಚುತ್ತಾರೆ: ‘ಒನ್ ಗರ್ಲ್’, ‘ಲಾಂಗ್ ಹೇರ್’, ‘ಲುಕಿಂಗ್ ಅಟ್ ವ್ಯೂವರ್’, ‘ಹೋಲ್ಡಿಂಗ್ ಅಂಬ್ರೆಲಾ’. ಕೂದಲಿನ ಉದ್ದ, ಕಣ್ಣಿನ ಬಣ್ಣ, ಕೈಯ ಭಂಗಿ, ಹಿನ್ನೆಲೆಯ ಹೊತ್ತು ಎಲ್ಲಕ್ಕೂ ಗೊತ್ತಾದ ಹೆಸರುಗಳು. ಅದರಿಂದ ಕಟ್ಟಿದ ಡ್ಯಾನ್‌ಬೂರು2021 ಎಂಬ ದತ್ತಾಂಶ ಸಂಗ್ರಹದಲ್ಲಿ 49 ಲಕ್ಷಕ್ಕೂ ಹೆಚ್ಚು ಚಿತ್ರಗಳು, 16.2 ಕೋಟಿ ಟ್ಯಾಗ್‌ಗಳು ಇದ್ದವು. ಚಿತ್ರವೊಂದಕ್ಕೆ ಸರಾಸರಿ 33 ಟ್ಯಾಗ್. ಯಂತ್ರಕ್ಕೆ ಪಾಠ ಹೇಳಲು ಇದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ಸಿಗುವುದು ಕಷ್ಟ. ಆದರೆ ಆ ಟ್ಯಾಗ್‌ಗಳಲ್ಲಿ ಕಲಾವಿದರ ಹೆಸರುಗಳೂ ಒಂದು ವರ್ಗ. ಚಿತ್ರ ಬರೆದವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಇದಕ್ಕೆ ಮುಂದೆ ಬರುತ್ತೇನೆ. ಇನ್ನೂ ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು: ಆ ತಾಣದ ಗಣನೀಯ ಪಾಲು ವಯಸ್ಕರಿಗೆ ಮಾತ್ರ ತಕ್ಕದ್ದು. ಅಲ್ಲಿಂದ ಕಲಿತ ಮಾಡೆಲ್‌ಗಳಿಗೂ ಅವುಗಳ ಬೆರಕೆಗಳಿಗೂ ಆ ಒಲವು ಇಳಿದು ಬಂದಿದೆ. ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಸಲು ಹೊರಟವರು ಇದನ್ನು ತಿಳಿದಿರಲೇಬೇಕು.

ಡ್ಯಾನ್‌ಬೂರು ಚಿತ್ರಗಳನ್ನು ತೋರಿಸಿ ಸ್ಟೇಬಲ್ ಡಿಫ್ಯೂಷನ್‌ಗೆ ಮುಂದಿನ ತರಬೇತಿ ಕೊಟ್ಟ ಮೊದಲಿಗರಲ್ಲಿ ವೈಫು ಡಿಫ್ಯೂಷನ್ ಒಂದು. 2022ರ ಅಕ್ಟೋಬರ್ ಮೊದಲ ವಾರದಲ್ಲಿ ನಾವೆಲ್‌ಎಐ ಎಂಬ ಚಂದಾ ಸೇವೆ ತನ್ನ ಅನಿಮೆ ಮಾಡೆಲ್ ಹೊರತಂದಾಗ ಗುಣಮಟ್ಟ ಒಮ್ಮೆಗೇ ಏರಿತು. ಅವರು ಮಾಡಿದ ಬದಲಾವಣೆಗಳು ಸಣ್ಣವಾಗಿ ಕಂಡರೂ ಜಾಣತನದವು. ಮೂಲ ಮಾಡೆಲ್‌ಗೆ ಚಿತ್ರಗಳನ್ನು ಚೌಕವಾಗಿ ಕತ್ತರಿಸಿ ತೋರಿಸಿದ್ದರು. ನಿಂತ ವ್ಯಕ್ತಿಯ ತಲೆಯೋ ಕಾಲೋ ಕತ್ತರಿಯ ಆಚೆ ಉಳಿಯುತ್ತಿತ್ತು, ಕಿರೀಟ ಎಂದು ಬರೆದ ಚಿತ್ರದಲ್ಲಿ ಕಿರೀಟವೇ ಇರುತ್ತಿರಲಿಲ್ಲ. ನಾವೆಲ್‌ಎಐ ತಂಡ ಉದ್ದ ಚಿತ್ರಗಳನ್ನು ಉದ್ದಕ್ಕೆ, ಅಗಲದವನ್ನು ಅಗಲಕ್ಕೆ ಗುಂಪು ಮಾಡಿ ತೋರಿಸಿತು. ಕ್ಲಿಪ್‌ನ 12 ಪದರಗಳಲ್ಲಿ ಕೊನೆಯದನ್ನು ಬಿಟ್ಟು ಅದರ ಹಿಂದಿನ ಪದರದ ಓದನ್ನು ಬಳಸಿತು. ಸೇವೆ ಶುರುವಾದ ಕೆಲವೇ ದಿನಗಳಲ್ಲಿ ಯಾರೋ ಕಂಪನಿಯ ಫೈಲುಗಳನ್ನು ಕದ್ದು ಹೊರಗೆ ಚೆಲ್ಲಿದರು. ಕದ್ದ ಮಾಲು ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಆ ಫೈಲು ಜಗತ್ತಿನಾದ್ಯಂತ ಇಳಿದು, ಮುಂದಿನ ತಿಂಗಳುಗಳಲ್ಲಿ ಹುಟ್ಟಿದ ಅನಿಮೆ ಮಾಡೆಲ್‌ಗಳಲ್ಲಿ ಬಹುಪಾಲಿನ ಅಜ್ಜಿಯಾಯಿತು.

ಬೆರೆಸುವ ಲೆಕ್ಕ ಸರಳ. ಮೊದಲ ಮಾಡೆಲ್‌ನ ಒಂದು ಜಾಗದಲ್ಲಿ 0.30 ಇದೆ, ಎರಡನೆಯದರ ಅದೇ ಜಾಗದಲ್ಲಿ 0.50 ಇದೆ ಎನ್ನಿ. ಎರಡನೆಯದರ ಪಾಲು 0.4 ಎಂದು ನಿರ್ಧರಿಸಿದರೆ 0.30ರ ಶೇ 60, 0.50ರ ಶೇ 40 ಕೂಡಿ 0.38. ಹೀಗೆಯೇ ಕೋಟ್ಯಂತರ ಜಾಗಗಳಿಗೂ. ಆಟೊಮ್ಯಾಟಿಕ್1111 ಎಂಬ ಜನಪ್ರಿಯ ತಂತ್ರಾಂಶದಲ್ಲಿ ‘ಚೆಕ್‌ಪಾಯಿಂಟ್ ಮರ್ಜರ್’ ಎಂಬ ಪುಟವೇ ಇದೆ. ಎರಡು ಫೈಲು ಆರಿಸಿ, ಪಾಲು ಎಷ್ಟೆಂದು ಹೇಳಿ, ಗುಂಡಿ ಒತ್ತಿದರೆ ಸಾಕು.

ಇದು ಏಕೆ ಕೆಲಸ ಮಾಡುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕು. ಎರಡು ಮನೆಗಳ ಸಾಂಬಾರದ ಡಬ್ಬಿಗಳನ್ನು ಯೋಚಿಸಿ. ಒಂದು ಮನೆಯಲ್ಲಿ ಐದನೆಯ ಬಟ್ಟಲಲ್ಲಿ ಜೀರಿಗೆ, ಇನ್ನೊಂದರಲ್ಲಿ ಅದೇ ಜಾಗದಲ್ಲಿ ಮೆಂತ್ಯ. ಎರಡು ಮನೆಯ ಅಡುಗೆಯೂ ರುಚಿಯೇ. ಆದರೆ ಬಟ್ಟಲಿಗೆ ಬಟ್ಟಲು ಸೇರಿಸಿ ಅರ್ಧರ್ಧ ಮಾಡಿದರೆ ಹುಟ್ಟುವ ಮೂರನೆಯ ಡಬ್ಬಿಯಿಂದ ಯಾವ ಅಡುಗೆಯೂ ಆಗದು. ಮಾಡೆಲ್‌ಗಳೊಳಗಿನ ನರಜಾಲಗಳ ಕಥೆಯೂ ಇದೇ. ಸೊನ್ನೆಯಿಂದ ಬೇರೆ ಬೇರೆಯಾಗಿ ಕಲಿತ ಎರಡು ಮಾಡೆಲ್‌ಗಳಲ್ಲಿ ಒಂದರ ಐದನೆಯ ಕೋಶ ಕಣ್ಣಿನ ಅಂಚನ್ನು ಗುರುತಿಸುತ್ತಿದ್ದರೆ ಇನ್ನೊಂದರ ಐದನೆಯ ಕೋಶ ಎಲೆಯ ಹಸಿರನ್ನು ಗುರುತಿಸುತ್ತಿರಬಹುದು. ಕೆಲಸ ಅದೇ, ಜೋಡಣೆಯ ಕ್ರಮ ಬೇರೆ. ಅವುಗಳ ಸರಾಸರಿಗೆ ಅರ್ಥವಿಲ್ಲ. ಆದರೆ ಒಬ್ಬ ತಾಯಿಯ ಅಡುಗೆಮನೆಯಲ್ಲಿ ಬೆಳೆದ ಇಬ್ಬರು ಹೆಣ್ಣುಮಕ್ಕಳು ಗಂಡನ ಮನೆಗೆ ಹೋದ ಮೇಲೂ ಡಬ್ಬಿಯನ್ನು ತವರಿನ ಕ್ರಮದಲ್ಲೇ ತುಂಬಿಸುತ್ತಾರೆ. ಒಬ್ಬಳ ಮನೆಯಲ್ಲಿ ಮೆಣಸು ಹೆಚ್ಚಾಗಿರಬಹುದು, ಇನ್ನೊಬ್ಬಳ ಮನೆಯಲ್ಲಿ ಧನಿಯಾ. ಬಟ್ಟಲಿಗೆ ಬಟ್ಟಲು ಹೊಂದುತ್ತದೆ.

ವಿಜ್ಞಾನಿಗಳು ಇದನ್ನು ಪರ್ವತ ಕಣಿವೆಗಳ ಭಾಷೆಯಲ್ಲಿ ಹೇಳುತ್ತಾರೆ. ಮಾಡೆಲ್ ಮಾಡುವ ತಪ್ಪಿನ ಪ್ರಮಾಣವನ್ನು ಎತ್ತರವೆಂದುಕೊಂಡರೆ, ಕಲಿಕೆ ಎಂಬುದು ಇಳಿಜಾರಿನಲ್ಲಿ ಇಳಿದು ಕಣಿವೆ ಸೇರುವ ನಡಿಗೆ. ಬೇರೆ ಬೇರೆ ಕಣಿವೆ ಸೇರಿದ ಎರಡು ಮಾಡೆಲ್‌ಗಳ ನಡುವಿನ ಬಿಂದು ಗುಡ್ಡದ ನೆತ್ತಿಯ ಮೇಲಿರುತ್ತದೆ, ಅಂದರೆ ತಪ್ಪು ಅಪಾರ. ಒಂದೇ ಕಣಿವೆಯಲ್ಲಿ ಅಷ್ಟಿಷ್ಟು ದೂರದಲ್ಲಿ ನಿಂತ ಎರಡರ ನಡುವಿನ ಬಿಂದುವೂ ಕಣಿವೆಯಲ್ಲೇ ಇರುತ್ತದೆ. 2020ರಲ್ಲಿ ಜೊನಾಥನ್ ಫ್ರಾಂಕಲ್ ಮತ್ತು ಸಂಗಡಿಗರು, ಸ್ವಲ್ಪ ದೂರ ಒಟ್ಟಿಗೆ ಕಲಿತು ಆಮೇಲೆ ಬೇರೆಯಾದ ಜಾಲಗಳು ಹೀಗೆ ನೇರ ದಾರಿಯಲ್ಲಿ ಕೂಡಿಕೊಂಡೇ ಇರುತ್ತವೆ ಎಂದು ತೋರಿಸಿದರು. ಒಂದೇ ಮೂಲ ಮಾಡೆಲ್‌ನಿಂದ ಹೊರಟು ಬೇರೆ ಬೇರೆ ತಿದ್ದುಪಡಿ ತರಬೇತಿ ಪಡೆದವು ಅದೇ ಕಣಿವೆಯಲ್ಲಿ ಉಳಿಯುತ್ತವೆ ಎಂಬುದನ್ನು ಅದೇ ವರ್ಷ ಬೆಹ್ನಾಮ್ ನೇಶಾಬುರ್ ಮತ್ತಿತರರು ಕಂಡರು. 2022ರಲ್ಲಿ ಮಿಚೆಲ್ ವರ್ಟ್ಸ್‌ಮನ್ ಮತ್ತು ಸಂಗಡಿಗರು ಒಂದೇ ಮೂಲದಿಂದ ಬಂದ ಹಲವು ಮಾಡೆಲ್‌ಗಳ ಸರಾಸರಿಯಿಂದಲೇ ಇಮೇಜ್‌ನೆಟ್ ಎಂಬ ಚಿತ್ರ ಗುರುತಿಸುವ ಪರೀಕ್ಷೆಯಲ್ಲಿ ಶೇ 90.94 ಅಂಕ ಗಳಿಸಿದರು. ಆ ತಂತ್ರಕ್ಕೆ ಅವರಿಟ್ಟ ಹೆಸರು ಮಾಡೆಲ್ ಸೂಪ್. ಅನಿಮೆ ಚಿತ್ರಗಳಿಗಾಗಿ ರಾತ್ರಿಯೆಲ್ಲ ಫೈಲು ಬೆರೆಸುತ್ತಿದ್ದ ಹವ್ಯಾಸಿಗಳಲ್ಲಿ ಎಷ್ಟೋ ಜನ ಈ ಪ್ರಬಂಧಗಳನ್ನು ಓದಿರಲಾರರು. ಅವರು ಕಣ್ಣಿನಿಂದ ಕಂಡದ್ದೂ ವಿಜ್ಞಾನಿಗಳು ಲೆಕ್ಕದಿಂದ ಕಂಡದ್ದೂ ಒಂದೇ ಕಣಿವೆ.

ಕಣಿವೆಯ ಗಡಿ ದಾಟಿದರೆ ಏನಾಗುತ್ತದೆ ಎಂಬುದಕ್ಕೂ ಪುರಾವೆ ಬೇಗನೆ ಸಿಕ್ಕಿತು. 2023ರ ಜುಲೈಯಲ್ಲಿ ಬಂದ, ಸ್ಟೇಬಲ್ ಡಿಫ್ಯೂಷನ್‌ನ ಹೊಸ ದೊಡ್ಡ ರೂಪವಾದ ಎಸ್‌ಡಿಎಕ್ಸ್‌ಎಲ್ ಮಾಡೆಲ್‌ನ ಯು-ನೆಟ್ 260 ಕೋಟಿ ಸಂಖ್ಯೆಗಳದ್ದು. ಹಳೆಯದರ ಜೊತೆ ಅದನ್ನು ಬೆರೆಸಲು ಬರುವುದೇ ಇಲ್ಲ. ಸಂಖ್ಯೆಗಳನ್ನು ಜೋಡಿಸಿಟ್ಟ ಕೋಷ್ಟಕಗಳ ಆಕಾರವೇ ಹೊಂದದು. ಅದರ ಮಕ್ಕಳಾದ ಪೋನಿ ಡಿಫ್ಯೂಷನ್ ವಿ6 ಮತ್ತು ಇಲ್ಲಸ್ಟ್ರಿಯಸ್ ಎರಡೂ ಅನಿಮೆಯಲ್ಲಿ ಗಟ್ಟಿಗ ಮಾಡೆಲ್‌ಗಳು. ಆಕಾರ ಒಂದೇ ಆದ್ದರಿಂದ ಬೆರೆಸುವ ಗುಂಡಿ ತಕರಾರಿಲ್ಲದೆ ಕೆಲಸ ಮುಗಿಸುತ್ತದೆ. ಆದರೆ ಎರಡೂ ಭಾರೀ ತರಬೇತಿ ಪಡೆದು ತಾಯಿಯಿಂದ ಬಹು ದೂರ ಸರಿದಿವೆ. ಅರ್ಧರ್ಧ ಬೆರೆಸಿದರೆ ಗೆರೆ ಕದಡಿದ, ಸೂಚನೆಯನ್ನು ಅರೆಬರೆ ಕೇಳುವ ಮಾಡೆಲ್ ಸಿಗುವ ಸಂಭವವೇ ಹೆಚ್ಚು. ತಾಯಿ ಒಬ್ಬಳೇ ಆಗಿದ್ದರೆ ಸಾಲದು, ತವರಿನಿಂದ ತೀರಾ ದೂರ ಹೋಗಿರಲೂ ಬಾರದು.

ಸರಾಸರಿಗಿಂತ ಚೆಂದದ ಇನ್ನೊಂದು ಲೆಕ್ಕವಿದೆ: ವ್ಯತ್ಯಾಸವನ್ನು ಕೂಡುವುದು. ಅನಿಮೆ ಮಾಡೆಲ್‌ನಿಂದ ಅದರ ತಾಯಿ ಮಾಡೆಲ್‌ನ ಸಂಖ್ಯೆಗಳನ್ನು ಕಳೆದರೆ ಉಳಿಯುವುದು ಅದು ಹೊಸದಾಗಿ ಕಲಿತ ಪಾಠ ಮಾತ್ರ. ಆ ಪಾಠವನ್ನು ಅದೇ ತಾಯಿಯ ಇನ್ನೊಂದು ಮಗುವಿಗೆ ಕೂಡಬಹುದು. ಚಿತ್ರದ ಒಂದು ಭಾಗವನ್ನು ಅಳಿಸಿ ತುಂಬುವ ಇನ್‌ಪೇಂಟಿಂಗ್ ಮಾಡೆಲ್ ಇದಕ್ಕೆ ಒಳ್ಳೆಯ ನಿದರ್ಶನ. ಅಳಿಸಿದ ಜಾಗ ಯಾವುದು, ಉಳಿದ ಚಿತ್ರ ಹೇಗಿದೆ ಎಂದು ತಿಳಿಯಲು ಅದರ ಯು-ನೆಟ್‌ಗೆ 4 ವಾಹಿನಿಗಳ ಬದಲು 9 ವಾಹಿನಿಗಳ ಪ್ರವೇಶದ್ವಾರವಿದೆ. ಆ ಮಾಡೆಲ್‌ಗೆ ಅನಿಮೆಯ ಪಾಠವನ್ನು ಕೂಡಿಬಿಟ್ಟರೆ, ಕೆಟ್ಟು ಬಂದ ಕೈಯೊಂದನ್ನು ಅಳಿಸಿ ಅದೇ ಶೈಲಿಯಲ್ಲಿ ಮತ್ತೆ ಬರೆಯಬಲ್ಲ ಮಾಡೆಲ್ ಸಿದ್ಧ. ಹೀಗೆ ಕೂಡಿ ಕಳೆಯುವ ವಿದ್ಯೆಯನ್ನು ಗೇಬ್ರಿಯಲ್ ಇಲ್ಹಾರ್ಕೊ ಮತ್ತು ಸಂಗಡಿಗರು 2022ರ ಡಿಸೆಂಬರಿನಲ್ಲಿ ಪ್ರಬಂಧವಾಗಿ ಮಂಡಿಸಿದರು. ಹವ್ಯಾಸಿಗಳ ತಂತ್ರಾಂಶದಲ್ಲಿ ಆ ಗುಂಡಿ ಆಗಲೇ ಇತ್ತು. ಇಂಥ ಕಡೆ ನನಗೆ ಹವ್ಯಾಸಿಗಳ ಮೇಲೆ ನಿಜವಾದ ಗೌರವ ಮೂಡುತ್ತದೆ.

ಅವರು ಅಲ್ಲಿಗೂ ನಿಲ್ಲಲಿಲ್ಲ. ಯು-ನೆಟ್ಟನ್ನು 25 ಬ್ಲಾಕುಗಳಾಗಿ ವಿಂಗಡಿಸಿ ಒಂದೊಂದಕ್ಕೂ ಬೇರೆ ಪಾಲು ಕೊಡುವ ದಾರಿ ಕಂಡುಕೊಂಡರು: ಒಳಹೋಗುವ ಕಡೆ 12, ನಡುವೆ 1, ಹೊರಬರುವ ಕಡೆ 12. ಇದರ ಹಿಂದೆ ತರ್ಕವಿದೆ. ಹೊರ ಅಂಚಿನ ಬ್ಲಾಕುಗಳು ಚಿತ್ರದ ಸಾರವನ್ನು 64ಕ್ಕೆ 64ರ ಜಾಲರಿಯಾಗಿ ನೋಡುತ್ತವೆ. ಒಳಗೆ ಹೋದಂತೆ ಅದು 32, 16, ಕೊನೆಗೆ 8ಕ್ಕೆ ಇಳಿಯುತ್ತದೆ. ನಡುವಿನ ಬ್ಲಾಕಿಗೆ ಇಡೀ ಚಿತ್ರವೆಂದರೆ 64 ಮನೆಗಳ ಚದುರಂಗದ ಹಾಸು. ಒಂದೊಂದು ಮನೆಯಲ್ಲೂ ಮೂಲ ಚಿತ್ರದ 64ಕ್ಕೆ 64 ಚುಕ್ಕೆಗಳು ಅಡಗಿವೆ. ಅಲ್ಲಿ ಕಣ್ರೆಪ್ಪೆಯ ಗೆರೆ ಕಾಣದು. ಯಾರು ಎಲ್ಲಿ ನಿಂತಿದ್ದಾರೆ, ಮೈ ಯಾವ ಕಡೆ ತಿರುಗಿದೆ ಎಂಬಂಥ ಸಂಗತಿಗಳು ಕಾಣುತ್ತವೆ. ಬಣ್ಣದ ಹದ, ಗೆರೆಯ ದಪ್ಪ, ಬಟ್ಟೆಯ ಮೇಲಿನ ಬೆಳಕು ಹೆಚ್ಚಾಗಿ ಹೊರಬರುವ ಕಡೆಯ ಕೊನೆಯ ಬ್ಲಾಕುಗಳಿಗೆ ಸೇರಿದ್ದು. ಗಡಿ ಕೊಯ್ದಂತೆ ಸ್ಪಷ್ಟವಾಗಿಲ್ಲ. ಆದರೂ ದಿಕ್ಕು ತೋರಿಸುವಷ್ಟಿದೆ. ಆರೆಂಜ್‌ಮಿಕ್ಸ್ ಎಂಬ ಮಾಡೆಲ್ ಸರಣಿ ಈ ದಾರಿಯಲ್ಲಿ ಹೆಸರು ಮಾಡಿತು. ಅನಿಮೆ ವಂಶದ ಮಾಡೆಲ್‌ಗೆ ಫೋಟೊದಂಥ ಚಿತ್ರ ಬರೆಯುವ ಮಾಡೆಲನ್ನು ಬ್ಲಾಕು ಬ್ಲಾಕಾಗಿ ಬೆರೆಸಿ, ಮುಖ ಅನಿಮೆಯಾಗಿಯೇ ಉಳಿದು ಚರ್ಮ ಮತ್ತು ಬಟ್ಟೆಯ ಮೇಲೆ ಜೀವಂತ ಬೆಳಕು ಬೀಳುವಂತೆ ಮಾಡಿದರು. ಆ ಸರಣಿಯಲ್ಲಿ ನನಗೆ ಅದಕ್ಕಿಂತ ಮೆಚ್ಚುಗೆಯಾದದ್ದು ಬೇರೆ. ಯಾವುದರಿಂದ ಎಷ್ಟು ಪಾಲು ತೆಗೆದುಕೊಂಡೆವು ಎಂಬ ಪಟ್ಟಿಯನ್ನು ಅದನ್ನು ಮಾಡಿದವರು ಬಹಿರಂಗವಾಗಿ ಪ್ರಕಟಿಸಿದರು.

ಬೆರೆಸಿದ ಮಾಡೆಲ್‌ನಿಂದ ಒಂದು ಚಿತ್ರ ಬರೆಸಬೇಕು ಎನ್ನಿ: ಮುಸ್ಸಂಜೆ, ಮಳೆ ನಿಂತ ರೈಲ್ವೆ ಪ್ಲಾಟ್‌ಫಾರ್ಮು, ಕೊಡೆ ಮಡಚುತ್ತಿರುವ ಹುಡುಗಿ. ಬೆರಕೆ ಪಾಲನ್ನು ಕಣ್ಣಂದಾಜಿನಲ್ಲಿ ನಿರ್ಧರಿಸುವುದು ಸರಿಯಲ್ಲ. ಆರಂಭದ ಗದ್ದಲವನ್ನು ನಿರ್ಧರಿಸುವ ಸಂಖ್ಯೆಗೆ ಸೀಡ್ ಎನ್ನುತ್ತಾರೆ. ಸೀಡನ್ನೂ ಸೂಚನೆಯನ್ನೂ ಹಾಗೆಯೇ ಇಟ್ಟು, ಪಾಲನ್ನು ಮಾತ್ರ 0ಯಿಂದ 1ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬದಲಿಸಿ ಸಾಲಾಗಿ ಚಿತ್ರ ತೆಗೆಯಬೇಕು. ಆಗ ಕಾಣುವುದು ಒಂದು ಪ್ರಯೋಗಶಾಲೆಯ ಫಲಿತಾಂಶ. ಹುಡುಗಿ ನಿಂತ ಜಾಗ ಬಹುಕಾಲ ಕದಲುವುದಿಲ್ಲ. ಕಣ್ಣಿನ ಹೊಳಪು, ಕೂದಲ ತುದಿ, ಒದ್ದೆ ನೆಲದ ಪ್ರತಿಬಿಂಬ ಮೆಲ್ಲಗೆ ಬದಲಾಗುತ್ತ ಹೋಗುತ್ತವೆ. ಎಲ್ಲೋ ಒಂದು ಮೆಟ್ಟಿಲಲ್ಲಿ ಭಂಗಿಯೇ ಜಿಗಿದು ಬೇರೆಯಾಗುತ್ತದೆ. ಬದಲಾವಣೆ ಎಲ್ಲ ಕಡೆ ಒಂದೇ ಸಮನಾಗಿ ನಡೆಯುವುದಿಲ್ಲ ಎಂದು ತಿಳಿಯುವುದು ಆ ಜಿಗಿತದಲ್ಲಿ. ಒಂದೇ ಸೀಡ್ ನೋಡಿ ತೀರ್ಪು ಕೊಡಬಾರದು ಎಂಬುದೂ ಅಲ್ಲಿಂದಲೇ ಕಲಿಯುವ ಪಾಠ. ಹಳೆಯ ತಲೆಮಾರಿನ ಮಾಡೆಲ್ ಆಗಿದ್ದರೆ ಮೊದಲು 512ಕ್ಕೆ 768ರಷ್ಟು ಗಾತ್ರದಲ್ಲಿ ಬರೆಸಿ ಆಮೇಲೆ ಹಿಗ್ಗಿಸಬೇಕು. 512ರ ಚೌಕದಲ್ಲಿ ಕಲಿತ ಮಾಡೆಲ್‌ಗೆ ನೇರವಾಗಿ ದೊಡ್ಡ ಹಾಳೆ ಕೊಟ್ಟರೆ ಖಾಲಿ ಜಾಗದಲ್ಲಿ ಎರಡನೆಯ ತಲೆಯನ್ನೋ ಎರಡನೆಯ ಹುಡುಗಿಯನ್ನೋ ಬರೆದುಬಿಡುತ್ತದೆ. ಬಣ್ಣವೆಲ್ಲ ಬೂದಿ ಬಳಿದಂತೆ ಸಪ್ಪೆಯಾಗಿ ಬಂದರೆ ದೋಷ ಸಾಮಾನ್ಯವಾಗಿ ವಿಎಇಯದ್ದು. ಸರಿಯಾದ ವಿಎಇ ಜೋಡಿಸಿದರೆ ಅದೇ ಚಿತ್ರ ಕಳೆಗಟ್ಟುತ್ತದೆ.

ಬೆರೆಸುವಾಗ ಆಗುವ ಒಂದು ಕೆಡುಕು ಎಷ್ಟು ಸೂಕ್ಷ್ಮವೆಂದರೆ ತಿಂಗಳುಗಟ್ಟಲೆ ಬಹಳ ಜನರಿಗೆ ಕಾಣಲೇ ಇಲ್ಲ. ಸೂಚನೆಯ ತುಣುಕುಗಳಿಗೆ ಸರದಿ ಸಂಖ್ಯೆ ಕೊಡಲು ಕ್ಲಿಪ್‌ನಲ್ಲಿ 0ಯಿಂದ 76ರವರೆಗೆ 77 ಪೂರ್ಣಾಂಕಗಳ ಪಟ್ಟಿಯಿದೆ. ಕಲಿತ ಸಂಖ್ಯೆಗಳಲ್ಲ ಇವು, ಬರೀ ಎಣಿಕೆ. ಬೆರೆಸುವ ತಂತ್ರಾಂಶ ಇದನ್ನು ಗಮನಿಸದೆ ಇವಕ್ಕೂ ಸರಾಸರಿ ತೆಗೆಯಿತು. 41 ಮತ್ತು 41ರ ಸರಾಸರಿ 41 ಆಗಬೇಕು. ಆದರೆ ದಶಮಾಂಶದ ಲೆಕ್ಕದಲ್ಲಿ ಯಂತ್ರಕ್ಕೆ 40.99999 ಸಿಕ್ಕಿಬಿಡಬಹುದು; ಅದನ್ನು ಮತ್ತೆ ಪೂರ್ಣಾಂಕ ಮಾಡುವಾಗ ದಶಮಾಂಶ ಕತ್ತರಿಸಿದರೆ 40. ಅಲ್ಲಿಗೆ ಎರಡು ತುಣುಕುಗಳಿಗೆ ಒಂದೇ ಸರದಿ ಸಂಖ್ಯೆ. ಸೂಚನೆಯ ಆ ಜಾಗದಲ್ಲಿ ಏನು ಬರೆದರೂ ಮಾಡೆಲ್ ತಪ್ಪಾಗಿ ಓದುತ್ತದೆ. ಕೆಟ್ಟ ಮಾಡೆಲನ್ನು ಮತ್ತೊಂದರ ಜೊತೆ ಬೆರೆಸಿದಾಗ ದೋಷವೂ ಮುಂದಿನ ತಲೆಮಾರಿಗೆ ಇಳಿಯಿತು. ಆಮೇಲೆ ಇದನ್ನು ಪತ್ತೆಹಚ್ಚಿ ರಿಪೇರಿ ಮಾಡುವ ಉಪಕರಣಗಳನ್ನು ಬರೆದರು.

ತಂದೆತಾಯಿಗಳಲ್ಲಿ ಇಲ್ಲದ್ದನ್ನು ಬೆರಕೆ ತಂದುಕೊಡಲಾರದು. ಕನ್ನಡದ ಚಿತ್ರಗಾರರಿಗೆ ಇದು ಬೇಗ ಅನುಭವಕ್ಕೆ ಬರುತ್ತದೆ. ಕ್ಲಿಪ್‌ನ ಓದು ಇಂಗ್ಲಿಷಿನದು. ‘ಮಳೆ’ ಎಂದು ಕನ್ನಡದಲ್ಲಿ ಬರೆದರೆ ಕಂಪ್ಯೂಟರಿಗೆ ಅದು 9 ಬೈಟ್. ಕ್ಲಿಪ್ ಅದನ್ನು ಅರ್ಥವಿಲ್ಲದ ಚೂರುಗಳಾಗಿ ಒಡೆಯುತ್ತದೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ 77 ತುಣುಕುಗಳ ಮಿತಿಯೂ ದಾಟಿರುತ್ತದೆ. ಡ್ಯಾನ್‌ಬೂರು ಟ್ಯಾಗ್‌ಗಳಲ್ಲಿ ಕಿಮೋನೋ, ಯುಕಾತಾ, ಶಾಲಾ ಸಮವಸ್ತ್ರಗಳಿಗೆ ಸಾವಿರಾರು ಉದಾಹರಣೆಗಳಿವೆ. ಇಳಕಲ್ ಸೀರೆಯ ಟೋಪ ತೆನಿ ಸೆರಗನ್ನು ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ಅರಿಯದ ಎರಡು ಮಾಡೆಲ್‌ಗಳನ್ನು ಯಾವ ಪಾಲಿನಲ್ಲಿ ಬೆರೆಸಿದರೂ ಅರಿವು ಹುಟ್ಟದು. ಅದಕ್ಕೆ ಕಲಿಸಲೇಬೇಕು. ಕಲಿಸುವ ಅಗ್ಗದ ದಾರಿ ಲೋರಾ: 2021ರಲ್ಲಿ ಮೈಕ್ರೋಸಾಫ್ಟ್‌ನ ಎಡ್ವರ್ಡ್ ಹೂ ಮತ್ತು ಸಂಗಡಿಗರು ಭಾಷಾ ಮಾಡೆಲ್‌ಗಳಿಗಾಗಿ ರೂಪಿಸಿದ ತಂತ್ರ. ಇಡೀ ಮಾಡೆಲನ್ನು ಮುಟ್ಟದೆ ಪಕ್ಕಕ್ಕೊಂದು ಸಣ್ಣ ಸೇರ್ಪಡೆಯನ್ನು ಮಾತ್ರ ಕಲಿಸುತ್ತಾರೆ. ಚಿತ್ರಗಾರ್ತಿಯೊಬ್ಬಳು ತಾನೇ ಬರೆದ ಕೆಲವು ಡಜನ್ ಚಿತ್ರಗಳಿಂದ ಇದನ್ನು ಮಾಡಿಕೊಳ್ಳಬಹುದು. ಇಲ್ಲೂ ರಕ್ತಸಂಬಂಧದ ಮಾತೇ ಬರುತ್ತದೆ. ಅಜ್ಜಿ ಮಾಡೆಲ್‌ನ ಮೇಲೆ ಕಲಿಸಿದ ಲೋರಾ ಅವಳ ಮೊಮ್ಮಕ್ಕಳಾದ ಬೆರಕೆ ಮಾಡೆಲ್‌ಗಳಲ್ಲೂ ಹೊಂದಿಕೊಂಡು ಕೆಲಸ ಮಾಡುತ್ತದೆ, ಬೇರೆ ವಂಶದ ಮಾಡೆಲ್‌ನಲ್ಲಿ ಒಡ್ಡೊಡ್ಡಾಗಿ ನಿಲ್ಲುತ್ತದೆ. ಹಾಗಾಗಿ ಕೈಯಲ್ಲಿರುವ ಮಾಡೆಲ್ ಯಾವ ವಂಶದ್ದು ಎಂದು ತಿಳಿಯದಿದ್ದರೆ ಇದನ್ನು ಕೂಡ ಸರಿಯಾಗಿ ಮಾಡಲಾಗದು.

ಅನಿಮೆ ಬೆರಕೆಗಳನ್ನು ಸಾಲಾಗಿ ನೋಡಿದವರಿಗೆ ಒಂದು ದಣಿವು ಕಾಡುತ್ತದೆ: ಎಲ್ಲ ಕಡೆ ಅದೇ ಮುಖ. ಅದೇ ಚೂಪು ಗಲ್ಲ, ಅದೇ ಗಾಜಿನ ಕಣ್ಣು, ಅದೇ ಮಿರುಗುವ ಕೂದಲು. ಇದಕ್ಕೆ ಕಾರಣವನ್ನು ಲೆಕ್ಕವೇ ಹೇಳುತ್ತದೆ. ಹಲವು ಮಾಡೆಲ್‌ಗಳ ಸರಾಸರಿಯಲ್ಲಿ ಎಲ್ಲರಿಗೂ ಸಮಾನವಾದದ್ದು ಉಳಿಯುತ್ತದೆ, ಒಂದೊಂದರ ವೈಶಿಷ್ಟ್ಯ ಒಂದು ಇನ್ನೊಂದನ್ನು ಅಳಿಸಿ ಸಣ್ಣದಾಗುತ್ತದೆ. ಬೆರೆಸಿದವನ್ನೇ ಮತ್ತೆ ಬೆರೆಸಿದಾಗ ಇದು ಇನ್ನಷ್ಟು ಬಲವಾಗುತ್ತದೆ. ಕಲಾವಿದ ಬೇಕೆಂದೇ ಸೊಟ್ಟಗೆ ಎಳೆದ ಗೆರೆ, ಮುಖದ ಮೇಲೆ ಬಿಟ್ಟ ಖಾಲಿ ಜಾಗ ಮೊದಲು ಮಾಯವಾಗುವಂಥವು. ನನ್ನ ಮಟ್ಟಿಗೆ ಮರ್ಜ್‌ನ ಅತಿ ದೊಡ್ಡ ನಷ್ಟ ಇದು. ಸುಂದರ ಚಿತ್ರಗಳಿಗೆ ಕೊರತೆಯಿಲ್ಲ, ಯಾರದೋ ಒಬ್ಬರ ಕೈ ಎಂದು ಗುರುತು ಹಿಡಿಯಬಹುದಾದ ಚಿತ್ರ ಅಪರೂಪವಾಗುತ್ತಿದೆ.

ಆ ಕೈಗಳ ಒಡೆಯರು ಸುಮ್ಮನಿರಲಿಲ್ಲ. ಸ್ಟೇಬಲ್ ಡಿಫ್ಯೂಷನ್ ಬಂದ ಒಂದು ವಾರಕ್ಕೆ ಜಪಾನಿನ ರೇಡಿಯಸ್5 ಕಂಪನಿ ಮಿಮಿಕ್ ಎಂಬ ಸೇವೆ ತೆರೆಯಿತು. ಒಬ್ಬ ಚಿತ್ರಗಾರನ ಕೆಲವು ಚಿತ್ರ ಕೊಟ್ಟರೆ ಅದೇ ಶೈಲಿಯಲ್ಲಿ ಬರೆದುಕೊಡುವುದು ಅದರ ಕೆಲಸ. ಚಿತ್ರಗಾರರ ಸಿಟ್ಟಿಗೆ ಮರುದಿನವೇ ಅದನ್ನು ನಿಲ್ಲಿಸಬೇಕಾಯಿತು. ಕೊರಿಯಾದ ಮಹಾನ್ ರೇಖಾಚಿತ್ರಕಾರ ಕಿಮ್ ಜುಂಗ್ ಗಿ 2022ರ ಅಕ್ಟೋಬರ್ 3ರಂದು ತೀರಿಕೊಂಡರು. ಕೆಲವೇ ದಿನಗಳಲ್ಲಿ ಅವರ ಚಿತ್ರಗಳಿಂದ ಕಲಿಸಿದ ಮಾಡೆಲೊಂದು ಹೊರಬಂತು. ಅವರ ಅಭಿಮಾನಿಗಳಿಗೆ ಆದ ನೋವನ್ನು ಅರ್ಥಮಾಡಿಕೊಳ್ಳಲು ತಂತ್ರಜ್ಞಾನ ತಿಳಿದಿರಬೇಕಿಲ್ಲ. ಜಪಾನಿನ ಕೃತಿಸ್ವಾಮ್ಯ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾಗಿ 2019ರ ಜನವರಿ 1ರಿಂದ ಜಾರಿಗೆ ಬಂದ 30-4ನೆಯ ವಿಧಿ, ಕೃತಿಯನ್ನು ಆಸ್ವಾದಿಸುವ ಉದ್ದೇಶವಿಲ್ಲದ ದತ್ತಾಂಶ ವಿಶ್ಲೇಷಣೆಗೆ ವಿಶಾಲವಾದ ಅವಕಾಶ ಕೊಟ್ಟಿದೆ. ಆದರೆ ನಿರ್ದಿಷ್ಟ ಕೃತಿಗಳ ಅಭಿವ್ಯಕ್ತಿಯನ್ನೇ ಮತ್ತೆ ಹೊರತರುವ ಉದ್ದೇಶದಿಂದ ಮಾಡಿದ ತರಬೇತಿಗೆ ಆ ರಕ್ಷಣೆ ಸಿಗದಿರಬಹುದು ಎಂಬ ವಿವರಣೆಯನ್ನು 2024ರಲ್ಲಿ ಅಲ್ಲಿನ ಸಂಸ್ಕೃತಿ ಇಲಾಖೆಯ ಕಡೆಯಿಂದ ಪ್ರಕಟಿಸಲಾಯಿತು. ಚಿತ್ರಗಾರರ ಪಿಕ್ಸಿವ್ ತಾಣ ಎಐ ಚಿತ್ರಗಳನ್ನು ಬೇರ್ಪಡಿಸುವ ಸೌಲಭ್ಯ ತಂದಿತು. ಅದರ ಧನಸಹಾಯದ ಅಂಗವಾದ ಫ್ಯಾನ್‌ಬಾಕ್ಸ್ 2023ರ ಮೇಯಲ್ಲಿ ಅವನ್ನು ನಿಷೇಧಿಸಿತು.

ಒಬ್ಬ ಕಲಾವಿದನ ಚಿತ್ರಗಳಿಂದ ನೇರವಾಗಿ ಕಲಿಸಿದ ಮಾಡೆಲ್ ಎದುರಿಗಿದ್ದರೆ ಕೇಳುವುದಕ್ಕೆ ಒಂದು ಪ್ರಶ್ನೆಯಾದರೂ ಇರುತ್ತದೆ. ಆರೇಳು ಮಾಡೆಲ್ ಬೆರೆಸಿ, ಅದನ್ನು ಬೇರೊಬ್ಬರು ಇನ್ನೂ ನಾಲ್ಕರ ಜೊತೆ ಬೆರೆಸಿ, ಹೊಸ ಹೆಸರಿಟ್ಟು ಹೊರಬಿಟ್ಟಾಗ ಆ ಪ್ರಶ್ನೆ ಯಾರಿಗೆ ಕೇಳುವುದು? ಸ್ಟೇಬಲ್ ಡಿಫ್ಯೂಷನ್‌ನ ಪರವಾನಗಿ, ಬಳಕೆಯ ನಿರ್ಬಂಧಗಳನ್ನು ಮಕ್ಕಳು ಮೊಮ್ಮಕ್ಕಳಿಗೂ ದಾಟಿಸಬೇಕು ಎನ್ನುತ್ತದೆ. ಕದ್ದು ಹೊರಬಂದ ಫೈಲಿಗೆ ಯಾವ ಪರವಾನಗಿಯೂ ಇರಲಿಲ್ಲ. ಎರಡೂ ಒಂದೇ ಬೆರಕೆಯಲ್ಲಿ ಸೇರಿದಾಗ ಸರಾಸರಿಯ ಲೆಕ್ಕ ಎರಡನ್ನೂ ಸಮನಾಗಿ ಕರಗಿಸಿಬಿಡುತ್ತದೆ.

ಹಾಗಾಗಿ ಬೆರಕೆಯ ಪಾಕವಿಧಾನವನ್ನು ಫೈಲಿನೊಳಗೇ ಬರೆದಿಡುವ ಪದ್ಧತಿಯನ್ನು ನಾನು ಚಿತ್ರದ ಗುಣಮಟ್ಟದಷ್ಟೇ ಮುಖ್ಯವೆಂದು ಎಣಿಸುತ್ತೇನೆ. ಹಳೆಯ ಬಗೆಯ ಮಾಡೆಲ್ ಫೈಲುಗಳಲ್ಲಿ ದುಷ್ಟ ಕೋಡ್ ಅಡಗಿಸಲು ದಾರಿಯಿತ್ತು. ಅದನ್ನು ತಪ್ಪಿಸಲು ಬಂದ ಸೇಫ್‌ಟೆನ್ಸರ್ಸ್ ಎಂಬ ಬಗೆಯಲ್ಲಿ ಸಂಖ್ಯೆಗಳ ಮುಂದೆ ಒಂದು ಟಿಪ್ಪಣಿಗೆ ಜಾಗವಿದೆ. ಆಟೊಮ್ಯಾಟಿಕ್1111ರ ಮರ್ಜರ್ ಪುಟ ಅದರಲ್ಲಿ ಯಾವ ಮಾಡೆಲ್‌ಗಳು, ಯಾವ ಲೆಕ್ಕ, ಎಷ್ಟು ಪಾಲು ಎಂದು ದಾಖಲಿಸಬಲ್ಲದು. ಬೆರೆಸಿದವುಗಳೂ ಬೆರಕೆಗಳೇ ಆಗಿದ್ದು ಅವುಗಳಲ್ಲಿ ಟಿಪ್ಪಣಿ ಉಳಿದಿದ್ದರೆ ಅದನ್ನೂ ಒಳಗೆ ಸೇರಿಸಿಕೊಳ್ಳಬಲ್ಲದು. ಆ ಟಿಪ್ಪಣಿ ತೆರೆದರೆ ಸಿಗುವುದು ತಂದೆತಾಯಿ ಮಾಡೆಲ್‌ಗಳ ಹೆಸರು, ಅವುಗಳ ಬೆರಳಚ್ಚಿನಂಥ ಹ್ಯಾಶ್ ಸಂಖ್ಯೆ, ಒಂದು ಗುಣಕ. ಇಳಿಸಿಕೊಂಡ ಮಾಡೆಲ್‌ನ ಈ ಟಿಪ್ಪಣಿಯನ್ನು ಮೊದಲು ಓದಿ, ಖಾಲಿಯಿದ್ದರೆ ಮಾಡಿದವರನ್ನು ಕೇಳಿ, ಉತ್ತರ ಬಾರದಿದ್ದರೆ ಪುಸ್ತಕದ ಮುಖಪುಟಕ್ಕೋ ಜಾಹೀರಾತಿಗೋ ಆ ಮಾಡೆಲನ್ನು ಬಳಸದಿರುವುದು ಇವತ್ತು ಯಾರಾದರೂ ಮಾಡಬಹುದಾದ ಕೆಲಸ. ಚಿತ್ರಗಾರರ ಹೆಸರುಗಳಿಗೆ ಆ ಟಿಪ್ಪಣಿಯಲ್ಲಿ ಇನ್ನೂ ಗೊತ್ತಾದ ಅಂಕಣವಿಲ್ಲ. ಅದನ್ನು ಸೇರಿಸಲು ಹೊಸ ಸಂಶೋಧನೆ ಬೇಕಿಲ್ಲ. ತರಬೇತಿ ಕೊಟ್ಟವರು ತಾವು ತೋರಿಸಿದ ಚಿತ್ರಗಳ ಪಟ್ಟಿಯನ್ನು ಮುಚ್ಚಿಡದಿದ್ದರೆ ಸಾಕು.